ಎಡಕ್ಕೆ ಹಸಿರು, ಬಲಕ್ಕೆ ಕೆಂಪು

ಗ್ಯಾರೇಜಿನ ಒರೆಸುಬಟ್ಟೆಗಳನ್ನು ಒಗೆಯುವುದು ಅವಳ ಗಂಡನ ಕೆಲಸ. ಈ ವಿಷಯ ಬೀದಿಗೆಲ್ಲ ಗೊತ್ತು. ಬೀದಿ ನಕ್ಕು ನಕ್ಕು ಸುಸ್ತಾಗಿ ಈಗ ನಗುವುದನ್ನೇ ಬಿಟ್ಟಿದೆ. ಕೋರ್ಟಿನಲ್ಲಿ ಟೈಪಿಸ್ಟಾಗಿರುವ ಆತ ಆಫೀಸಿಗೆ ಹೊರಡುವ ಮುಂಚೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಹಿತ್ತಲ ನಲ್ಲಿಯ ಹತ್ತಿರ ಕೂತು, ಹಿಂದಿನ ದಿನದ ಬಟ್ಟೆಗಳನ್ನು ಸೋಪಿನ ಪುಡಿಯಲ್ಲಿ ಕುಕ್ಕಿ ಕುಕ್ಕಿ ಒಗೆಯುತ್ತಾನೆ. ಸ್ಪ್ಯಾನರು ಕೊಟ್ಟರೆ ಅದರ ಯಾವ ತುದಿ ಹಿಡಿಯಬೇಕೆಂದು ತಿಳಿಯದ ಮನುಷ್ಯ, ಆದರೆ ಕಲೆ ಗುರುತಿಸುವುದರಲ್ಲಿ ಎತ್ತಿದ ಕೈ. ಹೆಂಡತಿ ನಿನ್ನೆ ಏನು ಬಿಚ್ಚಿದಳು, ಏನು ಕಟ್ಟಿದಳು ಎಂದು ಬಟ್ಟೆ ನೋಡಿಯೇ ಹೇಳುತ್ತಾನೆ.

ಗುರುವಾರ ಬೆಳಿಗ್ಗೆ ಅವನು ಒಂದು ಬಟ್ಟೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದ.

"ನಿನ್ನೆ ಯಾರದ್ದಾದ್ರೂ ಸ್ಟೀರಿಂಗ್ ಕೆಲಸ ಮಾಡಿದ್ಯಾ?"

"ಇಲ್ವಲ್ಲ, ಯಾಕೆ?"

"ಮತ್ತೆ ಇದು ಕೆಂಪಗಿದೆ."

ಅವಳು ಟೀ ಲೋಟ ಕೆಳಗಿಟ್ಟು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂಸಿದಳು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು. ಆ ಗ್ಯಾರೇಜಿನಲ್ಲಿ ಒಂದು ಗಾಡಿಗೆ ಒಂದು ಬಟ್ಟೆ, ಇನ್ನೊಂದಕ್ಕೆ ಅದನ್ನು ಮುಟ್ಟಿಸುವಂತಿಲ್ಲ. ನಿನ್ನೆ ಎಣ್ಣೆ ಬದಲಾಯಿಸಿದ್ದು ಒಂದೇ ಗಾಡಿಗೆ, ಅದೂ ಗೇರ್ ಬಾಕ್ಸಿಗೆ. ಆ ಗೇರ್ ಬಾಕ್ಸು ಕುಡಿಯುವುದು ಹಸಿರೆಣ್ಣೆ. ಹಳೇ ನಮೂನೆಯ ಗಾಡಿಗಳಿಗೂ ಸ್ಟೀರಿಂಗಿಗೂ ಹಾಕುವ ಕೆಂಪೆಣ್ಣೆ ಅದರೊಳಗೆ ಹೋದರೆ ಒಳಗಿನ ಉಕ್ಕಿನ ಬೆಲ್ಟು ಹಿಡಿತ ತಪ್ಪಿ ಜಾರುತ್ತದೆ, ಜಾರಿ ಜಾರಿ ತನ್ನನ್ನು ತಾನೇ ತಿನ್ನುತ್ತದೆ.

"ಇದನ್ನ ಒಗೆಯೋದಾ ಬೇಡ್ವಾ?" ಎಂದ ಗಂಡ. ಕೋರ್ಟಿನಲ್ಲಿ ಇಪ್ಪತ್ತು ವರ್ಷ ಕೂತವನು, ಯಾವುದನ್ನು ತೊಳೆಯಬಾರದು ಎಂಬುದು ಅವನಿಗೆ ಗೊತ್ತು.

"ಬೇಡ. ಕೊಡಿ ಇಲ್ಲಿ," ಎಂದು ಅವಳು ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗ್ಯಾರೇಜಿನ ಕಡೆ ನಡೆದಳು.

ಗ್ಯಾರೇಜು ಮನೆಯ ಮುಂಭಾಗದಲ್ಲೇ ಇದೆ. ಕಟ್ಟಿದ್ದು ಅವಳ ಮಾವ, ಊರಿಗೆಲ್ಲ ಮೇಸ್ತ್ರಿ. ಒಂದೇ ಶೆಡ್ಡು, ಅದರ ನಡುವೆ ಉದ್ದಕ್ಕೆ ಒಂದು ಗುಂಡಿ, ಗುಂಡಿಯ ಮೇಲೆ ಗಾಡಿ, ಗುಂಡಿಯೊಳಗೆ ಮನುಷ್ಯ. ಮಾವನ ಮೊಣಕಾಲು ಕೈಕೊಟ್ಟ ಮೇಲೆ ಹನ್ನೆರಡು ವರ್ಷದಿಂದ ಆ ಮನುಷ್ಯ ಎಂದರೆ ಇವಳೇ. ಮೊದಮೊದಲು ಹೆಂಗಸು ಗುಂಡಿಗಿಳಿಯುತ್ತಾಳೆಂದು ಮೂಗು ಮುರಿದ ಗಿರಾಕಿಗಳೇ ಈಗ "ಗೇರಕ್ಕ ಇದ್ದಾಳಾ?" ಎಂದು ಕೇಳಿಕೊಂಡು ಬರುತ್ತಾರೆ. ಇಲ್ಲ ಎಂದರೆ ನಾಳೆ ಬರುತ್ತೇವೆ ಎನ್ನುತ್ತಾರೆ.

ಗುಂಡಿಗೆ ಒಂದು ನಿಯಮವಿತ್ತು. ಎಡಕ್ಕೆ ಹಸಿರು, ಬಲಕ್ಕೆ ಕೆಂಪು. ಎರಡು ಎಣ್ಣೆಗೂ ಒಂದೇ ಥರದ ಕಪ್ಪು ಡಬ್ಬ, ಒಂದೇ ಥರದ ಕೈಪಂಪು, ಒಂದೇ ಥರದ ಕಪ್ಪು ಪೈಪು. ಮೇಲಿರುವ ಮಾವ ಗುಂಡಿಯ ಅಂಚಿನಲ್ಲಿ ಆಚೆಗೊಂದು ಈಚೆಗೊಂದು ಡಬ್ಬ ಇಡುತ್ತಿದ್ದರು. ಕೆಳಗಿರುವ ಅವಳು ತಲೆ ಎತ್ತದೆ ಕೈ ಚಾಚುತ್ತಿದ್ದಳು. ತಲೆ ಎತ್ತಿದರೆ ಗಾಡಿಯ ಹೊಟ್ಟೆಯ ಕೊಳೆಯೆಲ್ಲ ಕಣ್ಣಿಗೆ ಬೀಳುತ್ತದೆ. ಯಾಕೆ ಎಡಕ್ಕೇ ಹಸಿರು, ಡಬ್ಬಕ್ಕೆ ಬಣ್ಣ ಹೊಡೆದರೆ ಆಗಲ್ಲವಾ ಎಂದು ಅವಳು ಹೊಸತರಲ್ಲಿ ಕೇಳಿದ್ದುಂಟು. "ಕಾರಣ ಕೇಳ್ಬೇಡ. ಎಡಕ್ಕೆ ಕೈ ಹಾಕು, ಹಸಿರು ಸಿಗುತ್ತೆ, ಅಷ್ಟೇ," ಎಂದಿದ್ದರು ಮಾವ. ಹಾಗೆ ಸಿಗುತ್ತಲೂ ಇತ್ತು. ಹನ್ನೆರಡು ವರ್ಷ ಸಿಕ್ಕಿತು.

ಅವಳು ಖಾಲಿ ಗುಂಡಿಗಿಳಿದು ಎಂದಿನಂತೆ ಒಳಗೋಡೆಗೆ ಮುಖಮಾಡಿ ನಿಂತು ಎಡಗೈ ಚಾಚಿದಳು. ಆಗ ಹೊಳೆಯಿತು. ಗಾಡಿಗಳೆಲ್ಲ ಬೀದಿಯಿಂದ ನೇರ ಒಳಗೆ ಬರುತ್ತವೆ, ಅವುಗಳ ಮೂತಿಯೂ ಒಳಗೋಡೆಗೆ, ಅವಳ ಮುಖವೂ ಒಳಗೋಡೆಗೆ. ನಿನ್ನೆಯ ಗಾಡಿ ಮಾತ್ರ ಹಿಂದುಮುಂದಾಗಿ ಬಂದಿತ್ತು. ತಂದು ನಿಲ್ಲಿಸಿದವನು ಮೈದುನ. ಅವನು ಹೊಸದಾಗಿ ಕೊಂಡ ನೀರು ಚಿಮ್ಮುವ ಯಂತ್ರ ಬಾಗಿಲ ಹತ್ತಿರ ಕೂತಿದೆ. ಕೆಲಸ ಮುಗಿದ ಮೇಲೆ ಗಾಡಿಯ ಮೂತಿ ತೊಳೆಯಲು ಪೈಪು ಎಟುಕಲಿ ಎಂದು ಹಿಮ್ಮುಖವಾಗಿ ಒಳಗೆ ಬಿಟ್ಟಿದ್ದ. ಮಾವ ಡಬ್ಬ ಇಟ್ಟದ್ದು ಗಾಡಿಯ ಎಡ ನೋಡಿ. ಅವಳು ಕೈ ಚಾಚಿದ್ದು ತನ್ನ ಎಡಕ್ಕೆ. ಇಷ್ಟು ವರ್ಷ ಎರಡೂ ಎಡ ಒಂದೇ ಆಗಿದ್ದರಿಂದ ಅವು ಬೇರೆ ಬೇರೆ ಎಂದು ಇಬ್ಬರ ತಲೆಗೂ ಹೋಗಿರಲಿಲ್ಲ. ಗುಂಡಿಯ ಹಳದಿ ದೀಪದಲ್ಲಿ ಯಾವ ಎಣ್ಣೆಯಾದರೂ ಟೀ ಬಣ್ಣವೇ. ತುಂಬಿ ಹೊರಗೆ ಸುರಿದ ನಾಲ್ಕು ಹನಿಯನ್ನು ಅವಳು ಒರೆಸಿ, ಬಿರಡೆ ಬಿಗಿದು, ಮೇಲೆ ಹತ್ತಿ ಬಂದಿದ್ದಳು. ಗಾಡಿಯ ಯಜಮಾನ ಸಂಜೆಯೇ ಬಂದು ತೆಗೆದುಕೊಂಡು ಹೋಗಿದ್ದ.

ಆ ಯಜಮಾನ ಇನ್ಯಾರಾದರೂ ಆಗಿರಬಾರದಿತ್ತೇ. ಆತ ತಗಾದೆ.

ತಗಾದೆಯ ನಿಜವಾದ ಹೆಸರು ಆತನ ಪಿಂಚಣಿ ಪುಸ್ತಕಕ್ಕೆ ಮಾತ್ರ ಗೊತ್ತು. ಸರ್ವೆಯರ್ ಆಗಿದ್ದು ನಿವೃತ್ತನಾದವನು, ಹೆಂಡತಿ ತೀರಿಕೊಂಡಿದ್ದಾಳೆ. ಬಸ್ಸು ಎರಡು ನಿಮಿಷ ತಡವಾದರೂ ದೂರು, ಎರಡು ನಿಮಿಷ ಮುಂಚೆ ಬಂದರೂ ದೂರು. ಜೇಬಿನಲ್ಲಿ ಸದಾ ಒಂದು ನೋಟ್ ಪುಸ್ತಕ. ಆತ ಬರುವುದು ಕಂಡರೆ ಅಂಗಡಿಯವರು ಏನೋ ನೆನಪಾದಂತೆ ಒಳಕೋಣೆಗೆ ಹೋಗುತ್ತಾರೆ. ಆತನ ಮೊಟ್ಟಮೊದಲ ತಗಾದೆ ಈ ಗ್ಯಾರೇಜಿನ ಮೇಲೆಯೇ. ಮೂವತ್ತೈದು ವರ್ಷದ ಹಿಂದೆ ತನ್ನ ಹೊಸ ಬಿಳಿ ಕಾರಿನ ಗೇರ್ ಬಾಕ್ಸನ್ನು ಮೇಸ್ತ್ರಿ ಕೆಡಿಸಿದ ಎಂದು ಬೀದಿಯಲ್ಲಿ ನಿಂತು ಕೂಗಿದ್ದನಂತೆ. ನಿಮಗೆ ಓಡಿಸಲು ಬರುವುದಿಲ್ಲ ಎಂದರಂತೆ ಮೇಸ್ತ್ರಿ. ಊರು ಮೇಸ್ತ್ರಿಯನ್ನು ನಂಬಿತು, ಆತನಿಗೆ ಹೆಸರಿಟ್ಟಿತು. ಅದಾದ ಮೇಲೂ ಆತ ಗಾಡಿ ತರುವುದು ಇದೇ ಗ್ಯಾರೇಜಿಗೆ. ಯಾಕೆ ಎಂದರೆ "ಕಣ್ಣಿಟ್ಟಿರೋಕೆ" ಎನ್ನುತ್ತಾನೆ. ಊರು ಇದಕ್ಕೂ ನಗುತ್ತದೆ.

ಅವಳು ಗುಂಡಿಯಿಂದ ಮೇಲೆ ಬರುವಷ್ಟರಲ್ಲಿ ಮಾವ ಮತ್ತು ಮೈದುನ ಇಬ್ಬರೂ ಅಲ್ಲಿದ್ದರು. ಬಟ್ಟೆ ತೋರಿಸಿ, ಆದದ್ದನ್ನು ಹೇಳಿದಳು.

ಮೈದುನ ಒಂದು ಕ್ಷಣ ಬಟ್ಟೆಯನ್ನೂ ಒಂದು ಕ್ಷಣ ಗೋಡೆಯನ್ನೂ ನೋಡಿದ. ಗೋಡೆಗೊರಗಿಸಿ ಆರು ಮೂಟೆ ಸಿಮೆಂಟು ಇತ್ತು. ತಂದಿಟ್ಟವನು ಅವನೇ. ಬಿಡಿಭಾಗ ಮಾರುವ ವ್ಯಾಪಾರಿ ಅವನು. ಗುಂಡಿ ಮುಚ್ಚಿ, ನೆಲ ಸಮ ಮಾಡಿ, ಗಾಡಿ ತೊಳೆಯುವ ಅಂಗಡಿ ಹಾಕಬೇಕೆಂಬುದು ಅವನ ಆಸೆ. ಮಾವ ಈ ಶನಿವಾರ ಗ್ಯಾರೇಜಿನ ಬೀಗದ ಕೈಯನ್ನು ಒಬ್ಬರಿಗೆ ಕೊಡುತ್ತೇನೆ ಎಂದಿದ್ದರು. ಯಾರಿಗೆ ಎಂದು ಬಾಯಿಬಿಟ್ಟು ಹೇಳಿರಲಿಲ್ಲವಾದರೂ, ಹೋದ ವಾರ ಅವಳನ್ನು ಕರೆದು ಬೀಗಕ್ಕೆ ಹೇಗೆ ಎಣ್ಣೆ ಬಿಡಬೇಕೆಂದು ತೋರಿಸಿದ್ದರು. ಮೈದುನನಿಗೆ ಬೀಗದ ಕೈ ಸಿಕ್ಕರೆ ಗುಂಡಿ ಸಿಮೆಂಟಿನ ಕೆಳಗೆ ಹೋಗುತ್ತದೆ, ಗುಂಡಿಯ ಜೊತೆ ಗೇರಕ್ಕನೂ ಹೋಗುತ್ತಾಳೆ. ಆಮೇಲೆ ಅವಳಲ್ಲಿ ಉಳಿಯುವುದು ಮನೆಯ ಸೊಸೆ ಮಾತ್ರ. ಅವಳಿಗೆ ಆ ಸೊಸೆಯ ಮೇಲೆ ದ್ವೇಷವೇನೂ ಇರಲಿಲ್ಲ, ಆದರೆ ಇಡೀ ದಿನ ಬರೀ ಸೊಸೆಯಾಗಿ ಬದುಕಲು ಸಾಧ್ಯವೇ ಇರಲಿಲ್ಲ.

"ಅತ್ತಿಗೆ, ತಲೆ ಕೆಡಿಸ್ಕೋಬೇಡಿ," ಎಂದ ಮೈದುನ, ದನಿಯಲ್ಲಿ ಬೆಣ್ಣೆ. "ಇವತ್ತೇ ಏನೂ ಆಗಲ್ಲ. ಎರಡು ತಿಂಗಳೋ ಮೂರು ತಿಂಗಳೋ ಓಡುತ್ತೆ, ಆಮೇಲೆ ಜಾರುತ್ತೆ. ಅಷ್ಟೊತ್ತಿಗೆ ಯಾರು ಏನು ಹಾಕಿದ್ರು ಅಂತ ಯಾರಿಗ್ ಗೊತ್ತು? ಗಾಡಿ ಹಳೇದಾಯ್ತು ಅಂತೀವಿ."

"ಅಂತೀವಿ ಅಂದ್ರೆ ಯಾರು?"

"ನಾವೆಲ್ಲ. ಮನೆ ಮಾತು ಮನೇಲಿರುತ್ತೆ. ನಾನ್ಯಾಕೆ ಹೊರಗೆ ಹೇಳಕ್ಕೆ ಹೋಗ್ಲಿ?"

ಅವಳಿಗೆ ಅರ್ಥವಾಗದೇ ಇರಲು ಅವಳೇನು ನಿನ್ನೆ ಮದುವೆಯಾಗಿ ಬಂದವಳಲ್ಲ. ಇವನು ಹೇಳುವುದಿಲ್ಲ, ಶನಿವಾರದವರೆಗೆ. ಶನಿವಾರ ಬೀಗದ ಕೈ ಅವಳಿಗೆ ಸಿಕ್ಕರೆ ಭಾನುವಾರ ನಗುತ್ತಾ ಬಂದು ನೆನಪಿಸುತ್ತಾನೆ. ಅಲ್ಲಿಂದಾಚೆಗೆ ಸಾಯುವವರೆಗೂ ನೆನಪಿಸುತ್ತಾನೆ.

"ನನ್ನ ಜುಟ್ಟು ನಿನ್ನ ಕೈಗೆ ಕೊಡಲ್ಲಪ್ಪ," ಎಂದಳು. "ಈಗಲೇ ಹೋಗಿ ಅವರಿಗೆ ಹೇಳ್ತೀನಿ."

"ತಗಾದೆಗಾ? ಅವನಿಗೆ ಹೇಳೋದೂ ಒಂದೇ, ಊರಿಗೆ ಡಂಗುರ ಹೊಡೆಸೋದೂ ಒಂದೇ."

"ಡಂಗುರದ ಖರ್ಚು ಉಳೀತು ಬಿಡು."

ಮಾವ ಈಗ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಹೇಳಲೇಬೇಕಾ?" ಎಂದರು.

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಬೋಲ್ಟು ಕಾಲು ಸುತ್ತು ಸಡಿಲವಿದ್ದರೆ ಗಾಡಿಯನ್ನು ಅರ್ಧ ದಾರಿಯಿಂದ ವಾಪಸು ಕರೆಸುವ ಮನುಷ್ಯ ಈ ಮಾತು ಆಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಮಾವ, ಇವತ್ತು ಮಗಳ ಊರಿಗೆ ಹೋಗ್ತೀನಿ ಅಂದಿದ್ರು ಅವರು. ಘಟ್ಟದ ರಸ್ತೆ."

"ಹಾಗಾದ್ರೆ ನನ್ನ ಹೆಸರು ಹೇಳು. ಡಬ್ಬ ಇಟ್ಟದ್ದು ನಾನು. ಮುದುಕ, ಕಣ್ಣು ಕಾಣಲ್ಲ ಅಂತಾರೆ, ಅಷ್ಟೇ ತಾನೆ."

"ಪಂಪ್ ಒತ್ತಿದ್ದು ನನ್ನ ಕೈ. ನಿಮ್ಮ ತಲೆ ಮೇಲೆ ಗೂಬೆ ಕೂರಿಸಿ ಉಳಿಸ್ಕೊಂಡ ಗುಂಡಿ ನಂಗೆ ಬೇಡ." ಹಾಗೆ ಹೇಳಿ ಅವಳು ಸ್ಕೂಟರ್ ಹತ್ತಿದಳು. ಫೋನು ಮಾಡಿ ಪ್ರಯೋಜನವಿರಲಿಲ್ಲ. ಫೋನು ಕಂಪನಿಯ ಮೇಲಿನ ಸಿಟ್ಟಿಗೆ ತಗಾದೆ ಎರಡು ವರ್ಷದಿಂದ ಫೋನು ಎತ್ತುತ್ತಿರಲಿಲ್ಲ.

ಗೇಟು ತೆರೆದಿತ್ತು, ಕಾರಿನ ಡಿಕ್ಕಿಯೂ ತೆರೆದಿತ್ತು. ತಗಾದೆ ಸೂಟ್‌ಕೇಸನ್ನು ಒಳಗೆ ತಳ್ಳುತ್ತಿದ್ದ. ಅವಳು ಸ್ಕೂಟರನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಸ್ಟ್ಯಾಂಡ್ ಹಾಕಿದಳು.

"ಏನಮ್ಮ ಇದು? ಗೇಟಿಗೆ ಅಡ್ಡ ಗಾಡಿ ನಿಲ್ಲಿಸಬಾರದು ಅಂತ ಬೋರ್ಡಿದೆ. ಓದಕ್ಕೆ ಬರಲ್ವಾ?"

"ಬರುತ್ತೆ. ನಿಮ್ಮ ಗಾಡಿ ಹೊರಗೆ ಹೋಗ್ಬಾರದು ಅಂತಲೇ ನಿಲ್ಲಿಸಿದ್ದು. ನಿನ್ನೆ ನಿಮ್ಮ ಗೇರ್ ಬಾಕ್ಸಿಗೆ ತಪ್ಪೆಣ್ಣೆ ಹಾಕಿದ್ದೀನಿ. ಹಸಿರು ಹಾಕ್ಬೇಕಿತ್ತು, ಕೆಂಪು ಹಾಕಿದೆ. ಓಡಿಸ್ಬೇಡಿ."

ಸೊಂಟದಿಂದ ಬಟ್ಟೆ ತೆಗೆದು ಸೂಟ್‌ಕೇಸಿನ ಮೇಲೆ ಹರಡಿದಳು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುವ ನೆಪದಲ್ಲಿ ಕಾಂಪೌಂಡಿನ ಹತ್ತಿರ ಬಂದು ನಿಂತಳು, ಕೈಯಲ್ಲಿ ಒಂದೇ ಒಂದು ಕರವಸ್ತ್ರ.

ತಗಾದೆ ಜೇಬು ತಡಕಿ ಕನ್ನಡಕ ತೆಗೆದು ಹಾಕಿಕೊಂಡ, ಅದು ಹಾಕಿಕೊಂಡರೆ ಕಿವಿ ಚೆನ್ನಾಗಿ ಕೇಳಿಸುತ್ತದೇನೋ ಎಂಬಂತೆ.

"ಇನ್ನೊಂದ್ಸಲ ಹೇಳು."

ಹೇಳಿದಳು.

"ಯಾರು ಹಾಕಿದ್ದು?"

"ನಾನು."

"ಮೇಸ್ತ್ರಿ ಹೇಳಿ ಕಳಿಸಿದ್ನಾ?"

"ಇಲ್ಲ. ನಾನೇ ಬಂದೆ."

ಆತ ನೋಟ್ ಪುಸ್ತಕ ತೆಗೆದ. ಪೆನ್ನಿನ ಮುಚ್ಚಳ ಬಿಚ್ಚಿದ. "ಇದನ್ನ ಬರ್ಕೋತೀನಿ."

"ಬರ್ಕೊಳ್ಳಿ. ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ. ಹಾಕಿದ್ದಾಳಂತೆ ಅಂತ ಬರೀಬೇಡಿ, ಹಾಕಿದ್ದಾಳೆ ಅಂತ ಬರೀರಿ. ಕೆಳಗೆ ನಾನು ಸಹಿ ಹಾಕ್ತೀನಿ."

ಸಹಿ ಹಾಕಿದಳು. ಆತ ಆ ಸಹಿಯನ್ನು ಎಷ್ಟು ಹೊತ್ತು ನೋಡಿದನೆಂದರೆ, ಪಕ್ಕದ ಮನೆಯಾಕೆ ಕರವಸ್ತ್ರವನ್ನು ಒಣಹಾಕಿ, ಮತ್ತೆ ತೆಗೆದು, ಮತ್ತೆ ಒಣಹಾಕಿದಳು. ಎಷ್ಟೋ ವರ್ಷದಿಂದ ಊರಿನ ಬಾಯಲ್ಲಿ ಒಂದು ತಪ್ಪು ಒಪ್ಪಿಸಲು ಹೆಣಗಿದವನು ಆತ. ಯಾರೂ ಒಪ್ಪಿರಲಿಲ್ಲ. ಈಗ ಒಬ್ಬಳು ತಾನಾಗಿ ಬಂದು ಒಪ್ಪಿದರೆ ಏನು ಮಾಡಬೇಕೆಂದು ಆತನಿಗೆ ತಿಳಿಯಲಿಲ್ಲ.

"ಕ್ಷಮೆ ಕೇಳಲ್ವಾ?" ಎಂದ ಕೊನೆಗೆ.

"ಗಾಡಿ ಸರಿಯಾದ್ಮೇಲೆ ಕೇಳ್ತೀನಿ. ಈಗ ಕೇಳಿದ್ರೆ ಬರೀ ಬಾಯಿಮಾತಾಗುತ್ತೆ."

ಗಾಡಿ ಎತ್ತುವ ಲಾರಿ ಬೀದಿಗೆ ಬಂದಾಗ ಹನ್ನೊಂದು ಗಂಟೆ. ಲಾರಿಯ ಬೆನ್ನ ಮೇಲೆ ಕಾರು, ಡ್ರೈವರಿನ ಪಕ್ಕದಲ್ಲಿ ತಗಾದೆ, ತೊಡೆಯ ಮೇಲೆ ನೋಟ್ ಪುಸ್ತಕ. ಹಿಂದೆ ಸ್ಕೂಟರಿನಲ್ಲಿ ಗೇರಕ್ಕ. ಇಷ್ಟು ಕಂಡ ಮೇಲೆ ಮನೆಯಲ್ಲಿ ಕೂರುವವರು ಯಾರು. ಟೈಲರು ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದ, ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದ. ಆಫೀಸಿಗೆ ರಜೆ ಹಾಕಿದ ಅವಳ ಗಂಡ ಒಂದು ಕುರ್ಚಿ ತಂದು ಗುಂಡಿಯ ಪಕ್ಕದಲ್ಲಿ ತಗಾದೆಗೆ ಹಾಕಿದ.

ಕೇಳುವವರು ಸಿಕ್ಕಿದ್ದಾರಲ್ಲ, ಮೈದುನ ಗಂಟಲು ಸರಿಮಾಡಿಕೊಂಡ. "ಇದಕ್ಕೇ ನೋಡಿ ನಾನು ಮೊದ್ಲಿಂದ ಹೇಳ್ತಾ ಇದ್ದದ್ದು. ಗುಂಡಿ ಕೆಲಸ ಎಲ್ಲರಿಗೂ ಆಗಿಬರಲ್ಲ. ಕಾಲ ಬದಲಾಯ್ತು, ಇದನ್ನ ಮುಚ್ಚಿಬಿಡೋದೇ..."

"ಮುಚ್ಚೋದಿದ್ರೆ ಶನಿವಾರ ಮುಚ್ಚು. ಇವತ್ತು ಗುರುವಾರ," ಎಂದಳು ಅವಳು ಗುಂಡಿಯ ಮೆಟ್ಟಿಲಿಳಿಯುತ್ತಾ. "ಈಗ ಆ ನಿನ್ನ ನೀರಿನ ಯಂತ್ರ ಪಕ್ಕಕ್ಕೆ ತಳ್ಳು. ಗಾಡಿ ಮುಂದಿನಿಂದ ಒಳಗೆ ಬರಲಿ."

"ಹೇಗಾಯ್ತು ಅಂತ ಹೇಳ್ಲೇ ಇಲ್ವಲ್ಲ," ಎಂದ ತಗಾದೆ ಕುರ್ಚಿಯಿಂದ.

ಅವಳು ಗುಂಡಿಯೊಳಗಿನಿಂದಲೇ ಎರಡು ಎಡಗಳ ಕಥೆ ಹೇಳಿದಳು. ಗಾಡಿಯನ್ನು ಹಿಮ್ಮುಖ ನಿಲ್ಲಿಸಿದವರು ಯಾರೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರೂ ನೀರಿನ ಯಂತ್ರವನ್ನು ನೋಡುತ್ತಿದ್ದರು. "ಗಾಡಿ ಹಿಂದುಮುಂದಾಗಿ ನಿಂತಿತ್ತು, ಅದು ಕಾರಣ. ಏನು ಹಾಕ್ತಿದ್ದೀನಿ ಅಂತ ನಾನು ಕಣ್ಣು ಬಿಟ್ಟು ನೋಡ್ಲಿಲ್ಲ, ಅದು ತಪ್ಪು. ಕಾರಣ ಎಷ್ಟು ಜನರದ್ದಾದ್ರೂ ಇರ್ಲಿ, ತಪ್ಪು ನಂದು. ಬರ್ಕೊಂಡ್ರಾ?"

"ಬರ್ಕೊಂಡೆ."

ಬಿರಡೆ ಬಿಚ್ಚಿದಳು. ಕೆಂಪೆಣ್ಣೆ ತಟ್ಟೆಗೆ ಧಾರೆಯಾಗಿ ಸುರಿಯಿತು. ಅದು ನಿಂತ ಮೇಲೆ ಗೇರ್ ಬಾಕ್ಸಿನ ತಳದ ತಟ್ಟೆಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಹತ್ತೊಂಬತ್ತು ಬೋಲ್ಟು. ಆ ತಟ್ಟೆಯೊಳಗೆ ಎರಡು ಆಯಸ್ಕಾಂತಗಳಿರುತ್ತವೆ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡವು. ಎಣ್ಣೆಯಲ್ಲಿ ತೇಲುವ ಲೋಹವನ್ನು ಹಿಡಿದಿಡುವುದು ಅವುಗಳ ಕೆಲಸ. ಬೂದು ಬಣ್ಣದ ಮೆತ್ತನೆಯ ಪುಡಿ ಅಂಟಿದ್ದರೆ ಅದು ವಯಸ್ಸಿನ ಸವೆತ, ಎಲ್ಲ ಗಾಡಿಗಳಲ್ಲೂ ಇರುವಂಥದ್ದು. ಮಿನುಗುವ ಚೂರುಗಳು ಅಂಟಿದ್ದರೆ ಬೆಲ್ಟು ಕಚ್ಚಿದೆ ಎಂದರ್ಥ. ಒಂದು ಹಿಡಿ ಚೂರಿದ್ದರೆ ಗೇರ್ ಬಾಕ್ಸಿನ ಕಥೆ ಮುಗಿಯಿತು, ಅವಳ ಕಥೆಯೂ.

ಅವಳು ಕೈದೀಪ ಹಿಡಿದು ನೋಡಿದಳು. ಮೊದಲನೆಯದರ ಮೇಲೆ ಪುಡಿ, ಪೆನ್ಸಿಲ್ ಹೆರೆದಾಗ ಉದುರುವ ಸೀಸದ ಪುಡಿಯ ಹಾಗೆ. ಎರಡನೆಯದರ ಮೇಲೂ ಪುಡಿ, ಪುಡಿಯ ನಡುವೆ ಒಂದೇ ಒಂದು ಚೂರು. ಕೂದಲಿನಷ್ಟು ತೆಳ್ಳಗೆ, ಅಕ್ಕಿಕಾಳಿನ ಅರ್ಧದಷ್ಟು ಉದ್ದ.

ಗುಂಡಿಯೊಳಗೆ ಅವಳೊಬ್ಬಳೇ. ಮೇಲಿದ್ದವರಿಗೆ ಕಾಣುತ್ತಿದ್ದುದು ಅವಳ ನೆತ್ತಿ ಮಾತ್ರ. ಕೈಯಲ್ಲಿ ಬಟ್ಟೆ ಇತ್ತು. ಹೆಬ್ಬೆರಳು ಒಮ್ಮೆ ಆಡಿಸಿದ್ದರೆ ಚೂರು ಬಟ್ಟೆಗೆ ಹೋಗುತ್ತಿತ್ತು, ಬಟ್ಟೆ ಗಂಡನ ಸೋಪಿನ ನೀರಿಗೆ ಹೋಗುತ್ತಿತ್ತು. ಅವಳಿಗೆ ಆ ಆಸೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬಂದದ್ದಕ್ಕೆ ತನ್ನ ಮೇಲೇ ರೇಗಿತು. ಎರಡು ಆಯಸ್ಕಾಂತಗಳನ್ನೂ ಹಾಗೇ ಒಂದು ಬಿಳಿ ಹಾಳೆಯ ಮೇಲಿಟ್ಟುಕೊಂಡು ಮೇಲೆ ಹತ್ತಿ ಬಂದು, ಬಿಸಿಲಿನಲ್ಲಿ ಎಲ್ಲರ ಮುಂದೆ ಹಿಡಿದಳು.

"ಇದು ಪುಡಿ, ಇದಕ್ಕೆ ಹೆದರ್ಬೇಕಿಲ್ಲ. ಇದು ಚೂರು. ಒಂದೇ ಇದೆ, ಆದ್ರೆ ಇದೆ. ನಿನ್ನೆಯ ಎಣ್ಣೆಯಿಂದ ಬಂತೋ ಮೊದ್ಲಿಂದ ಇತ್ತೋ ನಂಗೆ ಗೊತ್ತಿಲ್ಲ, ಗೊತ್ತಿದೆ ಅಂತ ಹೇಳಲ್ಲ. ಮೂರು ಸಲ ಹೊಸ ಹಸಿರೆಣ್ಣೆ ತುಂಬಿ, ಓಡಿಸಿ, ತೆಗೆದು ತೊಳಿತೀನಿ. ಆಮೇಲೆ ಒಂದು ವರ್ಷ, ಮೂರು ತಿಂಗಳಿಗೊಂದ್ಸಲ ತಟ್ಟೆ ಬಿಚ್ಚಿ ನಿಮಗೇ ತೋರಿಸ್ತೀನಿ. ಬಾಕ್ಸು ಹೋದ್ರೆ ಬೇರೆ ಬಾಕ್ಸು ಹಾಕಿಕೊಡೋದು ನನ್ನ ತಲೆನೋವು."

"ಇಷ್ಟೆಲ್ಲ ಯಾಕೆ ಒಪ್ಕೋತೀರಿ ಅತ್ತಿಗೆ," ಎಂದ ಮೈದುನ ಹಲ್ಲು ಕಚ್ಚಿ.

ಅವಳು ಉತ್ತರ ಕೊಡುವ ಮೊದಲೇ ಮಾವ ಮುಂದೆ ಬಂದರು. ಹಾಳೆಯ ಮೇಲೆ ಬಗ್ಗಿ, ಆ ಚೂರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಿಂದೆ ಹಿಂದೆ ಸರಿದು ಸಿಮೆಂಟು ಮೂಟೆಯ ಮೇಲೆ ಕೂತುಬಿಟ್ಟರು.

"ಆವತ್ತೂ ಚೂರಿತ್ತು," ಎಂದರು.

"ಯಾವತ್ತು?" ಎಂದಳು ಅವಳು.

ಮಾವ ನೋಡುತ್ತಿದ್ದುದು ತಗಾದೆಯನ್ನು. "ನಿಮ್ಮ ಬಿಳಿ ಗಾಡಿ. ನಾನು ಸ್ಟೀರಿಂಗ್ ಎಣ್ಣೆ ಹಾಕಿದ್ದೆ ಗೇರ್ ಬಾಕ್ಸಿಗೆ. ನೀವು ಶಬ್ದ ಬರುತ್ತೆ ಅಂತ ವಾಪಸ್ ತಂದಾಗ ಬಿಚ್ಚಿ ನೋಡಿದೆ. ಬಿರಡೆಯ ಆಯಸ್ಕಾಂತದ ತುಂಬ ಚೂರಿತ್ತು. ನಾನು ಒರೆಸಿಬಿಟ್ಟೆ. ಒರೆಸಿ, ಮೇಲೆ ಬಂದು, ನಿಮಗೆ ಓಡಿಸೋಕೆ ಬರಲ್ಲ ಅಂದೆ."

ತಗಾದೆಯ ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತಿತ್ತು. ಮೂವತ್ತೈದು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ ಮಾತು ಅದು. ಆತ ಅದನ್ನು ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿದ.

"ನನ್ನ ಹೆಂಡತಿನೂ ನಿನ್ನನ್ನೇ ನಂಬಿದ್ಲು ಮೇಸ್ತ್ರಿ," ಎಂದ. "ನಿಮಗೆ ಓಡಿಸೋಕೆ ಬರಲ್ಲ ಬಿಡಿ ಅಂತಿದ್ಲು. ಹಾಗಂತ ನಂಬ್ಕೊಂಡೇ ಹೋದ್ಲು. ಆಮೇಲಾಮೇಲೆ ನಂಗೂ ಹಾಗೇ ಅನ್ಸೋಕೆ ಶುರುವಾಗಿತ್ತು."

ಮಾವ ತಲೆ ಎತ್ತಲಿಲ್ಲ. ಅವಳಿಗೆ ಮಾವನನ್ನು ಕಂಡು ಅಯ್ಯೋ ಪಾಪ ಎನಿಸಿದ್ದು ನಿಜ. ಆದರೆ ಅದಕ್ಕಿಂತ ಮೊದಲು ಬಂದದ್ದು ಸಿಟ್ಟು, ಅದನ್ನು ನುಂಗಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ.

"ಎಡಕ್ಕೆ ಹಸಿರು ಬಲಕ್ಕೆ ಕೆಂಪು ಅನ್ನೋದು ಆವತ್ತಿಂದ ಶುರುವಾಗಿದ್ದಾ ಮಾವ?"

ಅವರು ಹೌದೆಂದು ತಲೆಯಾಡಿಸಿದರು. "ಇನ್ನೊಂದ್ಸಲ ಹಾಗಾಗ್ಬಾರ್ದು ಅಂತ. ಆಗೆಲ್ಲ ಬೇರೆ ಎಣ್ಣೆ. ನಿಯಮ ಮಾತ್ರ ಅದೇ."

"ನಾನು ಕೇಳಿದ್ದೆ. ಕಾರಣ ಕೇಳ್ಬೇಡ ಅಂದ್ರಿ. ಕಾರಣ ಹೇಳಿದ್ರೆ ನಾನು ಪ್ರತಿ ಸಲ ನೋಡಿ ಹಾಕ್ತಿದ್ದೆ. ಬರೀ ನಿಯಮ ಕೊಟ್ರಿ, ಕಣ್ಣು ಮುಚ್ಕೊಂಡು ಹಾಕ್ದೆ. ಹನ್ನೆರಡು ವರ್ಷ ನೀವು ತಪ್ಪೇ ಮಾಡದ ಮನುಷ್ಯ ಅಂತ ನಂಬಿ ಆ ಗುಂಡೀಲಿ ನಿಂತಿದ್ದೀನಿ ನಾನು." ಅವಳು ಹಾಳೆಯನ್ನು ಗಂಡನ ಕೈಗೆ ಕೊಟ್ಟು ಮತ್ತೆ ಗುಂಡಿಗಿಳಿದಳು. "ನಿಮ್ಮ ಮೇಲೆ ನಂಗೆ ಕೋಪ ಇದೆ. ಅದು ಇವತ್ತಿಗೆ ಹೋಗಲ್ಲ. ಈಗ ಏಳಿ, ಹಸಿರು ಡಬ್ಬ ಕೊಡಿ. ಕೊಡೋವಾಗ ಮುಚ್ಚಳ ತೆಗೆದು ತೋರಿಸಿ."

ಮಾವ ಎದ್ದರು. ಮೊಣಕಾಲು ಹಿಡಿದುಕೊಂಡು ಎದ್ದು, ಡಬ್ಬದ ಮುಚ್ಚಳ ತೆಗೆದು, ಗುಂಡಿಯ ಅಂಚಿನಲ್ಲಿ ಬಗ್ಗಿ ತೋರಿಸಿದರು. ಅವಳು ತಲೆ ಎತ್ತಿ, ಕೊಳೆ ಕಣ್ಣಿಗೆ ಬಿದ್ದರೂ ಬೀಳಲಿ ಎಂದು ನೋಡಿದಳು. "ಹಸಿರು," ಎಂದಳು. "ಹಸಿರು," ಎಂದರು ಮಾವ.

ಮೂರು ಸಲ ತುಂಬಿ ತೆಗೆದು ಮುಗಿಸುವಾಗ ಮಧ್ಯಾಹ್ನ ನಾಲ್ಕಾಗಿತ್ತು. ಮೂರನೆಯ ಸಲ ಹೊರಬಂದ ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಿಡಿದು ಬೀದಿಯವರಿಗೆಲ್ಲ ತೋರಿಸಿದಳು. ಕೆಂಪಿನ ಸುಳಿವಿರಲಿಲ್ಲ. ಗಾಡಿಯನ್ನು ಪರೀಕ್ಷೆಗೆ ಓಡಿಸಲು ಮೈದುನ ಕೈ ಚಾಚಿದಾಗ ಅವಳು ಚಾವಿಯನ್ನು ತಗಾದೆಯ ಕೈಗಿಟ್ಟಳು.

"ನೀವೇ ಓಡಿಸಿ. ನಿಮಗೆ ಬರುತ್ತೆ."

ಆತ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಹೊರಗಿನ ಏರು ರಸ್ತೆಯವರೆಗೆ ಹೋಗಿ ಬಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿಸಿದ. ಯಾವ ಶಬ್ದವೂ ಇಲ್ಲ, ಜಾರಾಟವೂ ಇಲ್ಲ. ದಾರಿಯಲ್ಲಿ ಒಂದು ಸಲ ಕನ್ನಡಕ ತೆಗೆದು ಒರೆಸಿಕೊಂಡ, ಅಷ್ಟೇ. ಶೆಡ್ಡಿನ ಮುಂದೆ ಇಳಿದ ಮೇಲೆ ಅವಳು ಕೈ ಒರೆಸಿಕೊಂಡು ಆತನೆದುರು ನಿಂತಳು.

"ಈಗ ಕೇಳ್ತೀನಿ. ತಪ್ಪಾಯ್ತು, ಕ್ಷಮಿಸಿ."

"ಮೂರು ತಿಂಗಳಿಗೆ ಬರ್ತೀನಿ," ಎಂದ ತಗಾದೆ. ಸ್ವಲ್ಪ ತಡೆದು, "ಆ ಕುರ್ಚಿ ಒಂದು ಕಾಲು ಗಿಡ್ಡ. ಸರಿ ಮಾಡ್ಸಿಡಿ," ಎಂದು ಹೇಳಿ ಹೊರಟ. ಮೇಸ್ತ್ರಿಯ ಕಡೆ ನೋಡಲಿಲ್ಲ. ನೋಡಬೇಕೆಂದು ಯಾರೂ ಹೇಳುವಂತೆಯೂ ಇರಲಿಲ್ಲ.

ಜನ ಚದುರಿದರು. ಶೆಡ್ಡಿನಲ್ಲಿ ಮನೆಯವರು ನಾಲ್ವರೇ ಉಳಿದರು. ಗಡಿಯಾರದ ಕೆಳಗಿನ ಮೊಳೆಯಲ್ಲಿ ಬೀಗದ ಕೈ ತೂಗುತ್ತಿತ್ತು. ಅವಳು ಹೋಗಿ ಅದನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಶನಿವಾರ ಅಂದಿದ್ರು ಅಪ್ಪ," ಎಂದ ಮೈದುನ.

"ಯಾರಾದ್ರೂ ನನ್ನನ್ನ ಅಳೆದು ಸುರಿದು ಕೊಡ್ಲಿ ಅಂತ ಇವತ್ತು ಬೆಳಿಗ್ಗೆವರೆಗೆ ಕಾದಿದ್ದೆ. ಇನ್ನು ಕಾಯಲ್ಲ. ನಾಳೆ ಗ್ಯಾರೇಜು ತೆಗೆಯೋದು ನಾನು. ಬೇಡ ಅನ್ನೋರು ಈಗಲೇ ನನ್ನ ಮುಖ ನೋಡಿ ಹೇಳಿ."

ಮೈದುನ ಅಪ್ಪನ ಮುಖ ನೋಡಿದ. ಅಪ್ಪ ಸಿಮೆಂಟು ಮೂಟೆಯ ಮೇಲಿನ ಧೂಳನ್ನು ಅಂಗೈಯಿಂದ ಸವರುತ್ತಾ, "ಗುಂಡಿಯ ಕೊನೇ ಮೆಟ್ಟಿಲು ಒಡೆದಿದೆ. ಇದರಲ್ಲಿ ಒಂದು ಮೂಟೆ ಸಾಕು," ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ನಾಳೆ ನಾನು ಬರ್ಲಾ?" ಎಂದು ಕೇಳಿದರು.

"ಬನ್ನಿ. ಮೊದಲ ಕೆಲಸ ಡಬ್ಬಗಳಿಗೆ ಬಣ್ಣ ಹೊಡೆಯೋದು."

ಗಂಡ ಆ ಕೆಂಪು ಬಟ್ಟೆಯನ್ನು ಎತ್ತಿಕೊಂಡು ಬೆಳಗಿನ ಪ್ರಶ್ನೆಯನ್ನೇ ಮತ್ತೆ ಕೇಳಿದ. "ಈಗಲಾದ್ರೂ ಒಗೀಲಾ?"

"ಬೇಡ. ಗುಂಡಿ ಗೋಡೆಗೆ ಒಂದು ಮೊಳೆ ಹೊಡೆದು ತೂಗುಹಾಕಿ. ನನ್ನ ಕಣ್ಣಿಗೆ ಎದುರಾಗಿರ್ಲಿ."

ಮೊಳೆ ಹೊಡೆಯಲು ಹೋಗಿ ಆತ ಎರಡು ಸಲ ಬೆರಳಿಗೆ ಹೊಡೆದುಕೊಂಡ, ಮೂರನೆಯ ಸಲ ಮೊಳೆ ಇಳಿಯಿತು. ಬಟ್ಟೆ ಈಗಲೂ ಅಲ್ಲೇ ಇದೆ. ಗುಂಡಿಗೆ ಹೊಸದಾಗಿ ಇಳಿದವರು ಅದೇನೆಂದು ಕೇಳುತ್ತಾರೆ. ಅವಳು ಕೈಯಲ್ಲಿನ ಕೆಲಸ ನಿಲ್ಲಿಸಿ ಹೇಳುತ್ತಾಳೆ, ಕಾರಣದ ಸಮೇತ.